ಮೊದಲ ಟರಾಂಟುಲಾ ಯಾವುದು ತಗೊಳ್ಲಿ? ಕಾರವಾರದ ಮಳೆಗೆ ತಡ್ಕೊಳ್ಳೋ ಜಾತಿ ಹೇಳಿ

ಸದಾಶಿವಗಡದ_ಹುಡುಗ
ಎಲ್ರಿಗೂ ನಮಸ್ಕಾರ. ಟರಾಂಟುಲಾ, ಅಂದ್ರೆ ಮೈತುಂಬ ರೋಮದ ದೊಡ್ಡ ಜೇಡ, ಸಾಕ್ಬೇಕು ಅಂತ ಎರಡು ವರ್ಷದಿಂದ ತಲೆಲಿ ಕೂತಿದೆ, ಈಗ ಕೆಲ್ಸ ಸಿಕ್ಕಿದೆ, ಮಹಡಿ ಮೇಲೆ ನಂದೇ ಒಂದು ರೂಮಿದೆ, ಹಾಗಾಗಿ ಈ ಸಲ ತಗೊಳ್ಳೋದೇ. ಆಂಧ್ರದ ಗುತ್ತಿ ಕಡೆಯ ನೀಲಿ ಜೇಡ ಇದ್ಯಲ್ಲ, ಪೀಸಿಲೊಥೀರಿಯಾ ಮೆಟಾಲಿಕಾ, ಅದನ್ನ ನೋಡಿದಾಗಿಂದ ಬೇರೆ ಯಾವ್ದೂ ಕಣ್ಣಿಗೆ ಬೀಳ್ತಾ ಇಲ್ಲ. ಆದ್ರೆ ಮೊದಲನೇದಕ್ಕೆ ಅದು ಬೇಡ ಅಂತಾರೆ. ಮೆಕ್ಸಿಕನ್ ರೆಡ್ ನೀ, ಚಿಲಿಯನ್ ರೋಸ್, ಕರ್ಲಿ ಹೇರ್ ಈ ಮೂರು ಹೆಸ್ರು ಎಲ್ಲ ಕಡೆ ಬರ್ತದೆ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಬಟ್ಟೆ ಒಣಗಲ್ಲ, ಚಪ್ಪಲಿ ಮೇಲೂ ಬೂಷ್ಟು ಬರ್ತದೆ, ಇಂಥ ಊರಲ್ಲಿ ಯಾವ್ದು ಬದುಕ್ತದೆ? ಇಲ್ಲೇ ಜಿಲ್ಲೆಲಿ ಸಾಕಿದವ್ರು ಇದ್ರೆ ದಯವಿಟ್ಟು ಹೇಳಿ. ಅಮ್ಮ ಇನ್ನೂ ಒಪ್ಪಿಲ್ಲ.

ಶಿರಸಿ_ಎಂಟುಕಾಲು
ತಮಾ, ನೀಲಿದು ಬೇಡ. ಅದು ಚೆಂದ ಅಲ್ಲ ಅಂತಲ್ಲ, ಅದರಷ್ಟು ಚೆಂದದ್ದು ಇಲ್ವೇ ಇಲ್ಲ. ಆದ್ರೆ ಅದು ಹಳೇ ಪ್ರಪಂಚದ ಜೇಡ, ಅಂದ್ರೆ ಏಷ್ಯಾ ಆಫ್ರಿಕಾ ಕಡೆದು. ಅಮೆರಿಕ ಖಂಡದ ಜೇಡಗಳಿಗೆ ಹೊಟ್ಟೆ ಮೇಲೆ ತುರಿಕೆ ಕೂದಲು ಇರ್ತದೆ, ಹೆದರಿದ್ರೆ ಹಿಂದಿನ ಕಾಲಲ್ಲಿ ಕೆರೆದು ಆ ಕೂದಲು ಹಾರಿಸ್ತವೆ. ನಮ್ಮ ಕಡೆಯ ಜೇಡಗಳಿಗೆ ಆ ಕೂದಲೇ ಇಲ್ಲ, ಹಾಗಾಗಿ ಅವಕ್ಕೆ ಇರೋದು ಎರಡೇ ದಾರಿ, ಓಡೋದು ಇಲ್ಲಾ ಕಚ್ಚೋದು. ಓಟ ಅಂದ್ರೆ ಎಂಥ ಓಟ ಗೊತ್ತುಂಟಾ, ಡಬ್ಬಿ ಮುಚ್ಚಳ ತೆಗ್ದಿದ್ದು ನೋಡಿರ್ತೀ, ಅದು ನಿನ್ನ ಮೊಣಕೈ ಹತ್ರ ಬಂದಿದ್ದು ನೋಡಿರಲ್ಲ. ಪೀಸಿಲೊಥೀರಿಯಾ ಕಚ್ಚಿದ್ರೆ ಜೀವ ಹೋಗಲ್ಲ ಆದ್ರೆ ಮೈಕೈ ಮಾಂಸಖಂಡ ಹಿಡ್ಕೊಂಡು ನೋವು ದಿನಗಟ್ಲೆ ಇರ್ತದೆ, ಕೆಲವರಿಗೆ ವಾರದ ಮೇಲೂ ಸೆಳೆತ ಬರ್ತದೆ.

ಇನ್ನೊಂದು ಮಾತು. ಆ ನೀಲಿ ಜೇಡನ ಪೊಕಾಕ್ ಅನ್ನೋ ಬ್ರಿಟಿಷ್ ವಿಜ್ಞಾನಿ 1899ರಲ್ಲಿ ಬರೆದಿಟ್ಟ, ಗುತ್ತಿ ರೈಲ್ವೆ ನಾಟಾ ಅಂಗಳದಲ್ಲಿ ಸಿಕ್ಕಿದ ಜೇಡದ ಮೇಲೆ. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳ್ಲಿಲ್ಲ, 2001ರಲ್ಲಿ ನಂದ್ಯಾಲ ಮತ್ತೆ ಗಿದ್ದಲೂರು ನಡುವಿನ ಕಾಡಲ್ಲಿ ಮತ್ತೆ ಸಿಕ್ತು. ಅಷ್ಟು ಚೂರು ಕಾಡಲ್ಲಿ ಉಳ್ಕೊಂಡ ಜೀವ ಅದು. ಮೊದಲ ಸಲ ಸಾಕೋವಾಗ ಎಲ್ರ ಕೈಲೂ ತಪ್ಪಾಗ್ತದೆ, ಆ ತಪ್ಪು ಅದರ ಮೇಲೆ ಆಗೋದು ಬೇಡ.

ನನ್ನ ಉತ್ತರ ಕರ್ಲಿ ಹೇರ್. ಯಾಕೆ ಅಂತ ರಾತ್ರಿ ಬರೀತೆ, ಈಗ ತೋಟದ ಕೆಲ್ಸಕ್ಕೆ ಜನ ಬಂದಿದ್ದಾರೆ.

ಗುಡ್ಡದ_ದಾರಿ
ದುಡ್ಡು ಕೊಟ್ಟು ಯಾಕೆ ತಗೋತೀರಿ ಮಾರಾಯ್ರೆ. ನಮ್ಮ ಕದ್ರಾ ಕಡೆ ಧರೇಲಿ ಬೇಕಾದಷ್ಟು ಬಿಲ ಇದಾವೆ, ಅಂಗೈಯಷ್ಟು ದೊಡ್ಡ ಜೇಡ. ಹುಲ್ಲುಕಡ್ಡಿ ಹಾಕಿ ಕೆಣಕಿದ್ರೆ ಹೊರಗೆ ಬರ್ತದೆ, ಡಬ್ಬಿ ಹಿಡಿದ್ರೆ ಆಯ್ತು. ನಮ್ಮ ಹವೆಗೆ ಹುಟ್ಟಿದ್ದೇ ಅದು, ಮಳೆ ಚಿಂತೆನೂ ಇಲ್ಲ.

ಕುಮಟಾ_ಕ್ಯಾಮೆರಾ
ದಯವಿಟ್ಟು ಹಾಗೆ ಮಾಡ್ಬೇಡಿ, ಯಾರೂ ಮಾಡ್ಬೇಡಿ. ನಾನು ಆರು ವರ್ಷದಿಂದ ಮಳೆಗಾಲದಲ್ಲಿ ಈ ಬಿಲದ ಜೇಡಗಳ ಫೋಟೊ ತೆಗೀತಾ ಇದೀನಿ, ಅದಕ್ಕೆ ಹೇಳ್ತೀನಿ ಕೇಳಿ.

ನಮ್ಮ ಮನೆ ಹಿಂದೆ ಬೆಟ್ಟಕ್ಕೆ ಹೋಗೋ ದಾರಿಲಿ ಆಳೆತ್ತರದ ಕೆಂಪು ಮಣ್ಣಿನ ಧರೆ ಇದೆ. ಹಗಲು ಹೋದ್ರೆ ಎರಡು ಬೆರಳು ಹೋಗೋವಷ್ಟು ಒಂದು ತೂತು, ಬಾಯಿ ಸುತ್ತ ಬಿಳಿ ನೂಲಿನ ಅಂಚು, ಅಷ್ಟೇ. ರಾತ್ರಿ ಎಂಟರ ಮೇಲೆ ಟಾರ್ಚಿಗೆ ಕೆಂಪು ಕಾಗದ ಕಟ್ಕೊಂಡು ಹೋಗಿ ಕೂತ್ರೆ ಮೊದಲು ಎರಡು ಕಾಲಿನ ತುದಿ ಕಾಣ್ತದೆ, ಬಾಗಿಲ ಮೇಲೆ ಬೆರಳಿಟ್ಟ ಹಾಗೆ. ನಮ್ಮ ಹೆಜ್ಜೆ ಜೋರಾಯ್ತೋ, ಕಾಲು ಒಳಗೆ. ಹತ್ತು ನಿಮಿಷ ಉಸಿರು ಹಿಡ್ಕೊಂಡು ಕೂತ್ರೆ ಮತ್ತೆ ಹೊರಗೆ. ನಾನು ನೋಡೋ ಒಂದು ಹೆಣ್ಣು ಆರು ವರ್ಷದಿಂದ ಅದೇ ತೂತಲ್ಲಿದೆ. ಒಂದು ಸಲ ಆಗಸ್ಟಲ್ಲಿ ಅಮ್ಮನ ಕಾಲಿನ ಸಂದಿಲಿ ಎಳ್ಳಿನ ಗಾತ್ರದ ಮರಿ ತುಂಬ್ಕೊಂಡಿದ್ವು, ಒಂದೇ ಬಿಲದಲ್ಲಿ.

ಹೆಣ್ಣುಗಳು ಬಿಲ ಬಿಟ್ಟು ದೂರ ಹೋಗೋದೇ ಇಲ್ಲ. ಬೆಳೆಯೋಕೆ ವರ್ಷಾನುಗಟ್ಟಲೆ ಬೇಕು. ಅಂಥ ಒಂದು ಹೆಣ್ಣನ್ನ ನೀವು ಕಿತ್ತು ತಂದ್ರೆ ಆ ಧರೆಲಿ ಅದರ ಜಾಗ ತುಂಬೋಕೆ ಎಷ್ಟು ವರ್ಷ ಬೇಕು ಯೋಚ್ನೆ ಮಾಡಿ. ರಸ್ತೆ ಅಗಲ ಮಾಡೋಕೆ ಧರೆ ಕಡಿದಾಗಲೇ ಎಷ್ಟೋ ಬಿಲ ಹೋಗಿದಾವೆ.

ಶಿರಸಿ_ಎಂಟುಕಾಲು
ಗುಡ್ಡದ ದಾರಿಯವ್ರೇ, ನಿಮ್ಮ ಮೇಲೆ ಸಿಟ್ಟಿಲ್ಲ, ಚಿಕ್ಕವರಿದ್ದಾಗ ನಾವೂ ಕಡ್ಡಿ ಹಾಕಿ ಕೆಣಕಿದವ್ರೇ. ಆದ್ರೆ ಒಂದು ವಿಷ್ಯ ಗೊತ್ತಿರ್ಲಿ. ಥ್ರಿಗ್ಮೊಪೀಯಸ್ ಟ್ರುಕ್ಯುಲೆಂಟಸ್ ಅಂತ ಒಂದು ಜೇಡ ಉಂಟು, ಅದೇ ಪೊಕಾಕ್ ಅದೇ 1899ರಲ್ಲಿ ಹೆಸ್ರಿಟ್ಟಿದ್ದು. ಅದನ್ನ ವಿಜ್ಞಾನದವ್ರು ಕರೆಯೋದೇ ಕಾರವಾರದ ದೊಡ್ಡ ಬಿಲದ ಜೇಡ ಅಂತ. ಪಶ್ಚಿಮ ಘಟ್ಟ ಬಿಟ್ರೆ ಭೂಮಿ ಮೇಲೆ ಬೇರೆಲ್ಲೂ ಇಲ್ಲ. ನಮ್ಮ ಊರಿನ ಹೆಸ್ರು ಹೊತ್ಕೊಂಡ ಜೀವವನ್ನ ನಾವೇ ಡಬ್ಬಿಗೆ ಹಾಕೋದಾ?

ಮತ್ತೆ ಕದ್ರಾದಿಂದ ಆಚೆ ಬಹಳಷ್ಟು ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅದರೊಳಗಿಂದ ಯಾವ ಜೀವಿ ಹಿಡಿದು ತಂದ್ರೂ ಕೇಸು. ಸಾಕೋ ದೃಷ್ಟಿಯಿಂದ ನೋಡಿದ್ರೂ ಬೇಡ, ಅದು ಬಿಲದಿಂದ ಹೊರಗೆ ಬರೋದೇ ಅಪರೂಪ, ಹಲ್ಲು ತೋರ್ಸೋದು ಮಾತ್ರ ಜೋರು, ನಿಮಗೆ ಮಣ್ಣು ತುಂಬಿದ ಡಬ್ಬಿ ಸಾಕಿದ ಹಾಗೆ ಆಗ್ತದೆ.

ಗುಡ್ಡದ_ದಾರಿ
ಇದು ಗೊತ್ತಿರ್ಲಿಲ್ಲ. ಕಾರವಾರದ ಹೆಸ್ರಲ್ಲಿ ಜೇಡ ಇದೆ ಅಂತ ಇವತ್ತೇ ಕೇಳಿದ್ದು. ಹಿಡಿಯಲ್ಲ ಬಿಡಿ. ಫೋಟೊ ತೆಗೆಯೋಕೆ ಹೇಗೆ ಹೋಗೋದು ಅಂತ ಬೇರೆ ಕಡೆ ಕೇಳ್ತೆ.

ಶಿರಸಿ_ಎಂಟುಕಾಲು
ಸರಿ ತಮಾ, ಈಗ ನಿನ್ನ ಪ್ರಶ್ನೆಗೆ ಬರ್ತೆ. ಮೊದಲು ನನ್ನ ಕಥೆ ಹೇಳ್ತೆ, ಯಾಕಂದ್ರೆ ನೀನು ಮಾಡ್ಬಹುದಾದ ತಪ್ಪನ್ನೇ ನಾನು ಮಾಡಿದ್ದು.

ನನ್ನ ಮೊದಲನೇದು ಚಿಲಿಯನ್ ರೋಸ್, ಗ್ರಾಮೊಸ್ಟೋಲಾ ಪೋರ್ಟೆರಿ. ಎಲ್ಲ ಪುಸ್ತಕದಲ್ಲೂ ಹೊಸಬರಿಗೆ ಇದೇ ಅಂತ ಬರೆದಿರ್ತಾರೆ, ತಣ್ಣಗಿನ ಸ್ವಭಾವ, ನಿಧಾನ, ಎಲ್ಲ ನಿಜ. ಆದ್ರೆ ಅದು ಚಿಲಿಯ ಒಣ ಕುರುಚಲು ಸೀಮೆದು. ನಾನು ತಂದಿದ್ದು ಮೇ ತಿಂಗಳಲ್ಲಿ. ಮಾರಿದವನು ವಾರಕ್ಕೆ ಎರಡು ಸಲ ನೀರು ಚಿಮುಕಿಸು ಅಂತ ಹೇಳಿ ಕಳ್ಸಿದ್ದ, ನಾನು ಜೂನಲ್ಲೂ ಹಾಗೇ ಮಾಡ್ದೆ, ಹೊರಗೆ ಶಿರಸಿ ಮಳೆ, ಒಳಗೆ ನಾನು ಮಳೆ. ಎರಡು ವಾರಕ್ಕೆ ತೆಂಗಿನನಾರಿನ ಪುಡಿ ಮೇಲೆ ಬಿಳಿ ಬೂಷ್ಟು. ಜೇಡ ನೆಲಕ್ಕೆ ಕಾಲು ಊರ್ತಾ ಇರ್ಲಿಲ್ಲ, ನೀರಿನ ಬಟ್ಟಲ ಅಂಚಿನ ಮೇಲೆ ಎಂಟೂ ಕಾಲು ಕೂಡಿಸ್ಕೊಂಡು ನಿಂತಿರ್ತಿತ್ತು, ಇಲ್ಲಾ ಗಾಜಿನ ಗೋಡೆ ಹತ್ತಿ ಮೇಲಿರ್ತಿತ್ತು. ನಾನು ಅದನ್ನ ಚುರುಕಾಗಿದೆ ಅಂದ್ಕೊಂಡು ಖುಷಿಪಟ್ಟೆ. ಅದು ಒದ್ದೆ ನೆಲದಿಂದ ತಪ್ಪಿಸ್ಕೊಳ್ಳೋಕೆ ನೋಡ್ತಿತ್ತು ಅಂತ ಗೊತ್ತಾಗ್ಲೇ ಇಲ್ಲ. ಒಂದು ಬೆಳಿಗ್ಗೆ ನೋಡ್ತೆ, ಮೇಲಿಂದ ಬಿದ್ದು ಬಟ್ಟಲ ಅಂಚಿಗೆ ಹೊಟ್ಟೆ ಒಡೆದು ಹೋಗಿತ್ತು. ಆ ಹೊಟ್ಟೆಯ ಚರ್ಮ ಎಷ್ಟು ತೆಳು ಅಂದ್ರೆ ಒಂದು ಅಡಿ ಎತ್ತರದಿಂದ ಬಿದ್ರೂ ಸಾಕು. ಹನ್ನೊಂದು ವರ್ಷ ಆಯ್ತು, ಇವತ್ತಿಗೂ ಮನಸ್ಸಿಗೆ ಕಷ್ಟ ಆಗ್ತದೆ.

ಹಾಗಾಗಿ ಕರಾವಳಿಲಿರೋರಿಗೆ ನಾನು ಹೇಳೋದು ಒಂದೇ, ಜೇಡ ಹುಟ್ಟಿದ ಸೀಮೆ ಯಾವ್ದು ಅಂತ ಮೊದಲು ನೋಡಿ, ಸ್ವಭಾವ ಆಮೇಲೆ. ಚಿಲಿಯನ್ ರೋಸ್, ಅರಿಝೋನಾ ಬ್ಲಾಂಡ್ ಇವೆಲ್ಲ ಒಣ ಸೀಮೆಯವು, ನಮ್ಮಲ್ಲಿ ಸಾಕೋಕೆ ಆಗಲ್ಲ ಅಂತಲ್ಲ, ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಅವಕ್ಕೂ ನಿನಗೂ ನೆಮ್ಮದಿ ಇಲ್ಲ. ಕರ್ಲಿ ಹೇರ್ ಹಾಗಲ್ಲ. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆಯ ಮಳೆಕಾಡಿನ ಜೇಡ ಅದು, ಒದ್ದೆ ಗಾಳಿ ಅದಕ್ಕೆ ಹೊಸದಲ್ಲ. ಹೆಸ್ರು ಮೊದಲು ಬ್ರಾಕಿಪೆಲ್ಮಾ ಅಂತಿತ್ತು, ಈಗ ಟ್ಲಿಲ್ಟೊಕಾಟ್ಲ್ ಅಲ್ಬೊಪಿಲೋಸಸ್, ನಾಲಿಗೆ ತಿರುಗದಿದ್ರೆ ಬಿಡು. ಬಣ್ಣ ಕಂದು, ಮೈ ತುಂಬ ಗುಂಗುರು ಕೂದಲು, ಕಾಲು ಚಾಚಿದ್ರೆ 13-14 ಸೆಂಟಿಮೀಟರ್. ಚೆನ್ನಾಗಿ ತಿಂತದೆ, ಬೇಗ ಬೆಳೀತದೆ, ಸಣ್ಣಪುಟ್ಟ ತಪ್ಪು ಸಹಿಸ್ಕೊಳ್ತದೆ.

ರೆಡ್ ನೀ, ಅಂದ್ರೆ ಬ್ರಾಕಿಪೆಲ್ಮಾ ಹಮೋರಿ, ಎರಡನೇದು. ಅದೂ ಆಗ್ತದೆ, ಆದ್ರೆ ಬೆಳೆಯೋದು ತುಂಬಾ ನಿಧಾನ, ಕೂದಲು ಹಾರಿಸೋದು ಜಾಸ್ತಿ.

ಸದಾಶಿವಗಡದ_ಹುಡುಗ
ಅಣ್ಣ, ಓದಿ ಮನಸ್ಸು ಭಾರ ಆಯ್ತು. ಹೇಳಿದ್ದಕ್ಕೆ ಥ್ಯಾಂಕ್ಸ್. ಹಾಗಾದ್ರೆ ಡಬ್ಬಿ ಎಷ್ಟು ಎತ್ತರ ಇರ್ಬೇಕು? ನಾನು ಎರಡಡಿ ಎತ್ತರದ ಗಾಜಿನ ಪೆಟ್ಟಿಗೆ ನೋಡಿಟ್ಟಿದ್ದೆ.

ಶಿರಸಿ_ಎಂಟುಕಾಲು
ಅದು ಮೀನಿಗೆ ಆಯ್ತು. ನೆಲದ ಜೇಡಕ್ಕೆ ಅಗಲ ಬೇಕು, ಎತ್ತರ ಬೇಡ. ಮಣ್ಣಿನ ಮೇಲಿಂದ ಮುಚ್ಚಳಕ್ಕೆ ಇರೋ ಜಾಗ ಜೇಡದ ಕಾಲಳತೆಯ ಒಂದೂವರೆ ಪಟ್ಟು ಮೀರಬಾರ್ದು. ಎತ್ತರ ಜಾಸ್ತಿ ಇದ್ರೆ ಮಣ್ಣು ತುಂಬು, ಅದು ಅಗೆಯೋಕೂ ಆಗ್ತದೆ. ಮರಿ ತಗೊಂಡ್ರೆ ಪೆಟ್ಟಿಗೆ ಗೋಜೇ ಬೇಡ, ಉಪ್ಪಿನಕಾಯಿ ಡಬ್ಬಿಯಷ್ಟು ಪ್ಲಾಸ್ಟಿಕ್ ಡಬ್ಬಿಗೆ ದಬ್ಬಣ ಬಿಸಿ ಮಾಡಿ ಎದುರುಬದುರು ತೂತು ಹಾಕು. ತೂತು ಮುಚ್ಚಳಕ್ಕಲ್ಲ, ಪಕ್ಕದ ಗೋಡೆಗೆ. ಗಾಳಿ ಈಕಡೆ ಹೊಕ್ಕು ಆಕಡೆ ಹೋಗ್ಬೇಕು. ನಮ್ಮೂರಲ್ಲಿ ಬೂಷ್ಟಿಗೆ ಇರೋ ಔಷಧ ಅಂದ್ರೆ ಗಾಳಿ ಮಾತ್ರ. ಜೂನಿಂದ ನೀರು ಚಿಮುಕಿಸೋದು ಪೂರ್ತಿ ಬಂದ್ ಮಾಡು, ಒಂದು ಮೂಲೆಲಿ ಬಾಟ್ಲಿ ಮುಚ್ಚಳದಲ್ಲಿ ನೀರು, ಅಷ್ಟು ಸಾಕು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ರ ಮಳೆ, ನಿನ್ನ ಸ್ಪ್ರೇ ಬಾಟ್ಲಿ ಯಾರಿಗೆ ಬೇಕು.

ಅಂಕೋಲಾ_ಜೇಡಮನೆ
ಒಂದು ಮುಖ್ಯ ವಿಷ್ಯ ಯಾರೂ ಹೇಳ್ಲಿಲ್ಲ, ಕಾಗದ ಪತ್ರ. ತಮಾ, ಇದನ್ನ ಪೂರ್ತಿ ಓದು.

ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಇದೆ, ರೆಡ್ ನೀ, ಕರ್ಲಿ ಹೇರ್ ಎರಡೂ ಅದರ ಎರಡನೇ ಪಟ್ಟಿಲಿವೆ. ನೀಲಿ ಜೇಡದ ಇಡೀ ಕುಲ 2019ರಲ್ಲಿ ಅದೇ ಪಟ್ಟಿಗೆ ಸೇರ್ತು. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಸೈಟಿಸ್ ಪಟ್ಟಿಲಿರೋ ಪ್ರಾಣಿಗಳಿಗೆ ನಾಲ್ಕನೇ ಅನುಸೂಚಿ ಅಂತ ಬೇರೆ ಮಾಡಿದ್ದಾರೆ. ಅಂಥ ಜೀವ ಮನೇಲಿದ್ರೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲಲ್ಲಿ ನೋಂದಣಿ ಮಾಡ್ಸಬೇಕು, ಅದಕ್ಕೆ 2024ರಲ್ಲಿ ನಿಯಮ ಬಂದಿದೆ. ಹೊಸದಾಗಿ ತಗೊಂಡ್ರೆ 30 ದಿನದೊಳಗೆ. ಬೇರೆಯವ್ರಿಗೆ ಕೊಟ್ರೂ ತಿಳಿಸ್ಬೇಕು, ಸತ್ರೂ ತಿಳಿಸ್ಬೇಕು.

ಹಾಗಾಗಿ ತಗೊಳ್ಳೋ ಮೊದಲೇ ಕೇಳು, ಇದು ಎಲ್ಲಿ ಹುಟ್ಟಿದ್ದು, ಇದರ ತಾಯಿ ನೋಂದಣಿ ಆಗಿದ್ಯಾ, ಕಾಗದ ಕೊಡ್ತೀರಾ ಅಂತ. ಅದೆಲ್ಲ ಯಾಕೆ, ಸುಮ್ನೆ ಕೊರಿಯರ್ ಮಾಡ್ತೀವಿ ಅನ್ನೋರ ಹತ್ರ ತಗೋಬೇಡ. ನಾನು ಮೊದಲ ಸಲ ಹಾಗೆ ತರಿಸ್ಕೊಂಡು ಪಟ್ಟ ಪಾಡು ನನಗೇ ಗೊತ್ತು. ಏಪ್ರಿಲ್ ಬಿಸಿಲಲ್ಲಿ ಮೂರು ದಿನ ದಾರಿಲಿದ್ದು ಬಂತು, ಡಬ್ಬಿ ಬಿಚ್ಚಿದ್ರೆ ಹತ್ತಿ ಒಣಗಿ ಗಟ್ಟಿಯಾಗಿತ್ತು, ಮರಿ ಕಾಲು ಹೊಟ್ಟೆ ಕೆಳಗೆ ಮಡಚ್ಕೊಂಡಿತ್ತು. ಜೇಡ ಸಾಯೋದು ಹಾಗೆ, ಕಾಲು ಒಳಕ್ಕೆ ಮಡಚಿ. ಕಾಡಿಂದ ಹಿಡಿದು ತಂದಿದ್ದೋ ಸಾಕಿ ಬೆಳೆಸಿದ್ದೋ ಅಂತ ಕೂಡ ನನಗೆ ಹೇಳಿರ್ಲಿಲ್ಲ. ಆಮೇಲೆ ಕಾಗದ ಇಲ್ದೆ ಒಂದು ಹುಳನೂ ತಂದಿಲ್ಲ.

ಸದಾಶಿವಗಡದ_ಹುಡುಗ
ಅಕ್ಕ ಇದನ್ನ ಬರ್ದಿಟ್ಕೊಂಡೆ. ಹೆಣ್ಣೇ ತಗೋಬೇಕಾ? ಮರಿಲಿ ಗೊತ್ತಾಗ್ತದಾ?

ಅಂಕೋಲಾ_ಜೇಡಮನೆ
ಚಿಕ್ಕ ಮರಿಲಿ ಗೊತ್ತಾಗಲ್ಲ, ಯಾರಾದ್ರೂ ಗ್ಯಾರಂಟಿ ಹೆಣ್ಣು ಅಂತ ಮಾರಿದ್ರೆ ನಂಬಬೇಡ. ಬೆಳೀತಾ ಬೆಳೀತಾ ಪೊರೆ ಬಿಡ್ತದಲ್ಲ, ಆ ಪೊರೆಯ ಹೊಟ್ಟೆ ಭಾಗ ಒದ್ದೆ ಮಾಡಿ ಬಿಡಿಸಿ ನೋಡಿದ್ರೆ ಗೊತ್ತಾಗ್ತದೆ. ಹಾಗಾಗಿ ಪೊರೆ ಎಸೀಬೇಡ. ಹೆಣ್ಣಾದ್ರೆ ಕರ್ಲಿ ಹೇರ್ ಇಪ್ಪತ್ತು ವರ್ಷದ ಹತ್ರ ಬದುಕ್ತದೆ, ರೆಡ್ ನೀ ಇನ್ನೂ ಜಾಸ್ತಿ. ಗಂಡು ಪ್ರಾಯಕ್ಕೆ ಬಂದ ಮೇಲೆ ಒಂದೆರಡು ವರ್ಷದೊಳಗೆ ಹೋಗ್ಬಿಡ್ತದೆ, ಎಷ್ಟು ಚೆನ್ನಾಗಿ ನೋಡ್ಕೊಂಡ್ರೂ. ಮದುವೆ, ಕೆಲ್ಸ, ಬೆಂಗಳೂರು ಎಲ್ಲ ಮುಂದೆ ಬರ್ತದೆ ನಿನಗೆ, ಇಪ್ಪತ್ತು ವರ್ಷದ ಲೆಕ್ಕ ಹಾಕೇ ತಗೋ.

ಹೊನ್ನಾವರ_ನೈಟ್‌ಡ್ಯೂಟಿ
ನಾನು ನರ್ಸ್, ಜೇಡ ಸಾಕಿಲ್ಲ, ತಮ್ಮ ಸಾಕ್ತಾನೆ. ತುರಿಕೆ ಕೂದಲಿನ ಬಗ್ಗೆ ಒಂದು ಮಾತು. ಚರ್ಮಕ್ಕೆ ತಾಗಿದ್ರೆ ಉಜ್ಜಬಾರ್ದು, ಅಂಟುಪಟ್ಟಿ ಒತ್ತಿ ಕಿತ್ರೆ ಕೂದಲು ಬರ್ತದೆ, ಆಮೇಲೆ ನೀರಲ್ಲಿ ತೊಳೀರಿ. ಆದ್ರೆ ಕಣ್ಣಿಗೆ ಹೋದ್ರೆ ಮನೆ ಮದ್ದು ಬೇಡ, ಅದೇ ದಿನ ಕಣ್ಣಿನ ಡಾಕ್ಟರ್. ಇಂಗ್ಲೆಂಡಿನ ಲೀಡ್ಸಲ್ಲಿ ಒಬ್ಬನಿಗೆ ಗಾಜು ಒರೆಸ್ತಾ ಇದ್ದಾಗ ಚಿಲಿಯನ್ ರೋಸ್ ಕೂದಲು ಹಾರಿಸಿ ಕಣ್ಣಿನ ಕಪ್ಪು ಭಾಗದಲ್ಲಿ ಸಿಕ್ಕಿಕೊಂಡಿತ್ತು, ತಿಂಗಳುಗಟ್ಟಲೆ ಔಷಧ ಹಾಕ್ಬೇಕಾಯ್ತು, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂದಿದೆ. ಡಬ್ಬಿ ಕ್ಲೀನ್ ಮಾಡೋವಾಗ ಕನ್ನಡಕ ಹಾಕಿ, ಮುಖ ಡಬ್ಬಿ ಮೇಲೆ ಬಗ್ಗಿಸ್ಬೇಡಿ. ಆ ಕೈಲಿ ಮಕ್ಕಳನ್ನ ಎತ್ಕೋಬೇಡಿ.

ಸದಾಶಿವಗಡದ_ಹುಡುಗ
ತಿನ್ನೋಕೆ ಏನು ಕೊಡೋದು? ಮನೆ ಸುತ್ತ ಚಿಮ್ಮಂಡೆ, ಜಿರಳೆ ಬೇಕಾದಷ್ಟಿದೆ. ಮತ್ತೆ ಇರುವೆ ಕಾಟ ಸಿಕ್ಕಾಪಟ್ಟೆ, ಸಕ್ರೆ ಡಬ್ಬಿಗೇ ಬಿಡಲ್ಲ.

ಶಿರಸಿ_ಎಂಟುಕಾಲು
ಮನೆ ಜಿರಳೆ ಕೊಡಲೇಬೇಡ. ಯಾರ ಮನೇಲಿ ಯಾವ ಚಾಕ್, ಯಾವ ಸ್ಪ್ರೇ ದಾಟಿ ಬಂದಿರ್ತದೆ ಅಂತ ಯಾರಿಗೆ ಗೊತ್ತು. ತೋಟದ ಚಿಮ್ಮಂಡೆನೂ ಬೇಡ, ನಮ್ಮ ಕಡೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರ್ತದೆ ಅಂತ ಮೈಲುತುತ್ತು ಸುಣ್ಣದ ಬೋರ್ಡೋ ಹೊಡೀತಾರಲ್ಲ, ಅದು ಕೆಳಗಿನ ಹುಲ್ಲು ಹುಳ ಎಲ್ಲದರ ಮೇಲೂ ಬೀಳ್ತದೆ. ನಾನು ಮೀಲ್‌ವರ್ಮ್ ಅನ್ನೋ ಹಿಟ್ಟಿನ ಹುಳ ಮನೇಲೇ ಮಾಡ್ತೆ, ಒಂದು ಡಬ್ಬಿ ಗೋಧಿ ಬೂಸಾ, ಒಂದು ಚೂರು ಕ್ಯಾರೆಟ್, ಅಷ್ಟೇ. ಮರಿಗೆ ಹುಳ ಕತ್ತರಿಸಿ ಚೂರು ಹಾಕು, ನಾಲ್ಕೈದು ದಿನಕ್ಕೊಮ್ಮೆ, ಉಳಿದಿದ್ದು ಮರುದಿನವೇ ತೆಗಿ. ದೊಡ್ಡದಾದ್ಮೇಲೆ ವಾರ ಹತ್ತು ದಿನಕ್ಕೊಮ್ಮೆ ಸಾಕು.

ಇರುವೆಗೆ ನಮ್ಮ ಆಯಿ ಹಾಲಿನ ಪಾತ್ರೆ ಇಡೋ ಹಾಗೆ. ತಟ್ಟೆಲಿ ನೀರು ಹಾಕಿ ನಡುವೆ ಒಂದು ಬಟ್ಟಲು ಕವುಚಿ ಅದರ ಮೇಲೆ ಡಬ್ಬಿ. ಪೊರೆ ಬಿಡೋ ಹೊತ್ತಲ್ಲಿ ಇರುವೆ ನುಗ್ಗಿದ್ರೆ ಜೇಡಕ್ಕೆ ಏಳೋಕೂ ಆಗಲ್ಲ. ಆ ರೂಮಲ್ಲಿ ಸೊಳ್ಳೆ ಬತ್ತಿನೂ ಹಚ್ಬೇಡ, ಸೊಳ್ಳೆ ಪರದೆ ಕಟ್ಕೋ.

ಅಂಕೋಲಾ_ಜೇಡಮನೆ
ಮತ್ತೆ ಕೈ ಮೇಲೆ ಬಿಟ್ಕೊಳ್ಳೋ ಆಸೆ ಇದ್ರೆ ಈಗ್ಲೇ ಬಿಟ್ಬಿಡು. ಅದಕ್ಕೆ ನೀನು ಯಜಮಾನ ಅಂತ ಗೊತ್ತಾಗಲ್ಲ, ಗೊತ್ತಾಗೋದು ಬಿಸಿ ಮತ್ತೆ ಅಲುಗಾಟ ಮಾತ್ರ. ಅಮ್ಮನಿಗೆ ಹೇಳು, ಹಾವಿನ ಹಾಗೆ ಅಲ್ಲ, ನಾಯಿ ಹಾಗೆ ಬೊಗಳಲ್ಲ, ವಾಸನೆ ಇಲ್ಲ, ರೂಮ್ ಬಿಟ್ಟು ಹೊರಗೆ ಬರಲ್ಲ. ನಮ್ಮನೇಲಿ ಅತ್ತೆ ಮೊದಲು ಆ ರೂಮಿಗೇ ಕಾಲಿಡ್ತಿರ್ಲಿಲ್ಲ, ಈಗ ನಾನು ಊರಿಗೆ ಹೋದ್ರೆ ನೀರಿನ ಮುಚ್ಚಳ ತುಂಬ್ಸೋರು ಅವ್ರೇ.

ಸದಾಶಿವಗಡದ_ಹುಡುಗ
ಎಲ್ರಿಗೂ ಐದು ತಿಂಗಳಾದ್ಮೇಲೆ ಸುದ್ದಿ ಹೇಳ್ತಾ ಇದೀನಿ. ಮಳೆಗಾಲ ಮುಗಿಯೋ ತನಕ ಜೇಡ ತರ್ಲಿಲ್ಲ. ಖಾಲಿ ಡಬ್ಬಿನೇ ಇಟ್ಟು ನೋಡ್ದೆ, ಜೂನ್ ಜುಲೈ ಎರಡು ಸಲ ಬೂಷ್ಟು ಬಂತು, ತೂತು ಜಾಸ್ತಿ ಮಾಡಿ ಮಣ್ಣು ಒಣಗ್ಸಿ ಹಾಕಿದ್ಮೇಲೆ ಮೂರನೇ ಸಲ ಬರ್ಲಿಲ್ಲ. ಸೆಪ್ಟೆಂಬರ್ ಕೊನೆಗೆ ಕಾಗದ ಇದ್ದವ್ರ ಹತ್ರ ಕರ್ಲಿ ಹೇರ್ ಮರಿ ತಂದೆ, ಬಸ್ಸಲ್ಲಿ ನಾನೇ ಹೋಗಿ ತಂದಿದ್ದು. ನೋಂದಣಿಗೆ ಅರ್ಜಿನೂ ಹಾಕಾಯ್ತು. ಉಗುರಿನಷ್ಟಿದೆ.

ಒಂದು ವಾರದಿಂದ ತಿಂತಾ ಇರ್ಲಿಲ್ಲ, ಹೆದರಿ ಅಂಕೋಲಾ ಅಕ್ಕನಿಗೆ ಮೆಸೇಜ್ ಮಾಡಿದ್ದೆ, ಹೊಟ್ಟೆ ಹಿಂಭಾಗ ಕಪ್ಪಾಗಿದೆ ಅಂದ್ರೆ ಪೊರೆ ಬಿಡೋಕೆ ತಯಾರಿ, ಡಬ್ಬಿಲಿರೋ ಹುಳ ತೆಗ್ದು ಸುಮ್ನೆ ಬಿಟ್ಬಿಡು, ಮುಟ್ಬೇಡ ಅಂದಿದ್ರು. ನಿನ್ನೆ ರಾತ್ರಿ ಹನ್ನೊಂದಕ್ಕೆ ನೋಡ್ತೀನಿ, ಬೆನ್ನ ಮೇಲೆ ಮಲಗಿದೆ. ಅಕ್ಕ ಹೇಳಿರದಿದ್ರೆ ಸತ್ತೋಯ್ತು ಅಂತ ಹೊರಗೆ ಹಾಕ್ಬಿಡ್ತಿದ್ದೆ. ಮೊದಲು ಎದೆ ಮೇಲಿನ ಚಿಪ್ಪು ಮುಚ್ಚಳದ ಹಾಗೆ ಎದ್ದು ಬಂತು, ಆಮೇಲೆ ಕೈಗವಸಿನಿಂದ ಬೆರಳು ಎಳೆದ ಹಾಗೆ ಒಂದೊಂದೇ ಕಾಲು, ಎಳೆಯೋದು, ನಿಲ್ಲೋದು, ಎಳೆಯೋದು. ಅಮ್ಮ ನೀರು ಕುಡಿಯೋಕೆ ಎದ್ದವ್ರು ಬಾಗಿಲಲ್ಲೇ ನಿಂತ್ರು, ಆಮೇಲೆ ಒಳಗೆ ಬಂದು ಕೂತ್ರು. ಒಂದೂವರೆ ತನಕ ಇಬ್ರೂ ನೋಡಿದ್ವಿ. ಹೊರಗೆ ಬಂದ ಮೇಲೆ ಮೈ ಎಲ್ಲ ತೆಳ್ಳಗೆ ಬೂದಿ ಬಣ್ಣ, ಹಲ್ಲು ನೋಡಿದ್ರೆ ಬೆಳ್ಳಗೆ, ಹಾಲುಹಲ್ಲಿನ ಹಾಗೆ. ಅಮ್ಮ ಪಾಪ ಅಂದ್ರು.

ಹಲ್ಲು ಕಪ್ಪಾಗೋ ತನಕ ತಿನ್ನೋಕೆ ಹಾಕ್ಬಾರ್ದು ಅಲ್ವಾ? ಎಷ್ಟು ದಿನ?

ಶಿರಸಿ_ಎಂಟುಕಾಲು
ಹೌದು ತಮಾ, ಬಿಳಿ ಹಲ್ಲು ಇನ್ನೂ ಮೆತ್ತಗಿರ್ತದೆ. ಮೊದಲು ಕೆಂಪಾಗ್ತದೆ, ಆಮೇಲೆ ಕಪ್ಪು. ಮರಿಗೆ ನಾಲ್ಕೈದು ದಿನ ಬಿಡು, ನೀರು ಮಾತ್ರ ಖಾಲಿಯಾಗದ ಹಾಗೆ ನೋಡ್ಕೋ. ಪೊರೆ ತೆಗೆಯೋ ಗಡಿಬಿಡಿ ಬೇಡ, ಅದೇ ಮೂಲೆಗೆ ದೂಡಿ ಇಡ್ತದೆ, ಆಗ ಚಿಮಟಿಗೆಲಿ ಎತ್ತಿ ಒಂದು ಬೆಂಕಿಪೆಟ್ಟಿಗೆಲಿ ದಿನಾಂಕ ಬರೆದು ಇಟ್ಕೋ.